ಬಾಮ್ ವಾಸನೆಯ ಬ್ಲೌಸು

ನಿಶ್ಚಿತಾರ್ಥದ ಬ್ಲೌಸೊಂದು ಹೊಲಿದು ಕೊಟ್ಟ ಮಾರನೇ ದಿನವೇ ವಾಪಸ್ ಬಂತು. ಫಿಟಿಂಗ್ ಸರಿ ಇತ್ತು. ತೋಳಿನ ಆರಿ ವರ್ಕೂ ಚೆನ್ನಾಗಿ ಬಂದಿತ್ತು. ಹುಡುಗಿಯ ತಾಯಿ ಕವರನ್ನು ಟೇಬಲ್ ಮೇಲಿಟ್ಟು, ಸ್ವಲ್ಪ ಸಂಕೋಚದಿಂದಲೇ ಹೇಳಿದರು: "ಅಕ್ಕಾ, ಬೇಜಾರು ಮಾಡ್ಕೋಬೇಡಿ. ಬ್ಲೌಸೆಲ್ಲಾ ಬಾಮ್ ವಾಸನೆ ಹೊಡೀತಿದೆ."

ಮೂಗಿನ ಹತ್ತಿರ ಹಿಡಿದು ನೋಡಿದೆ. ನನಗೇನೂ ಗೊತ್ತಾಗಲಿಲ್ಲ. ಗೊತ್ತಾಗೋದಾದರೂ ಹೇಗೆ? ಆಗ ನನ್ನ ದಿಂಬು, ಸೀರೆಯ ಸೆರಗು, ಅಳತೆ ಟೇಪು, ಎಲ್ಲಕ್ಕೂ ಅದೇ ವಾಸನೆ. ರೇಷ್ಮೆ ಬ್ಲೌಸು, ಒಗೆಯೋ ಹಾಗಿಲ್ಲ. ಎರಡು ದಿನ ಮಹಡಿಯಲ್ಲಿ ನೆರಳಿಗೆ ನೇತುಹಾಕಿ, ಗಾಳಿಗೆ ಬಿಟ್ಟು, ಹೊಲಿಗೆ ದುಡ್ಡು ತಗೊಳ್ಳದೆ ಕೊಟ್ಟೆ. ನೋವಿಗಿಂತ ಜಾಸ್ತಿ ಅವತ್ತಿನ ನಾಚಿಕೆಯೇ ನನ್ನನ್ನು ಸರಿಯಾದ ಚಿಕಿತ್ಸೆಗೆ ತಳ್ಳಿದ್ದು.

ನಾನು ಶಿವಮೊಗ್ಗದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ ಇಟ್ಟುಕೊಂಡು ಇಪ್ಪತ್ತೆರಡು ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ನೋವು ಶುರುವಾದದ್ದು 2020ರಲ್ಲಿ. ಆಗ ಬ್ಲೌಸ್ ಯಾರಿಗೂ ಬೇಡ, ಎಲ್ಲರಿಗೂ ಮಾಸ್ಕ್ ಬೇಕು. ಮಾಸ್ಕ್ ಹೊಲಿಯೋದು ಸುಲಭ ಅಂದುಕೊಳ್ಳಬೇಡಿ. ಬ್ಲೌಸಾದರೆ ಕತ್ತರಿಸೋದು, ಇಸ್ತ್ರಿ ಹಾಕೋದು, ಹುಕ್ ಹೊಲಿಯೋದು ಅಂತ ಕೈಗೆ ಬೇರೆ ಬೇರೆ ಕೆಲಸ ಇರುತ್ತೆ. ಮಾಸ್ಕಿಗೆ ಅದೇ ಮೂರು ನೆರಿಗೆ, ಅದೇ ನಾಲ್ಕು ಮೂಲೆ, ಬೆಳಗಿಂದ ರಾತ್ರಿವರೆಗೆ.

ನೋವು ಎಲ್ಲಿ ಅಂತ ಕೇಳಿದರೆ ಒಂದು ಬೆರಳಿಟ್ಟು ತೋರಿಸೋಕೆ ಆಗುತ್ತಿರಲಿಲ್ಲ. ಬೆನ್ನಿನ ಬಲಗಡೆ ರೆಕ್ಕೆ ಮೂಳೆಯ ಒಳ ಅಂಚಿನಲ್ಲಿ ಯಾರೋ ಹೆಬ್ಬೆರಳು ಒತ್ತಿ ಇಟ್ಟಂತೆ. ಅಲ್ಲಿಂದ ಕತ್ತಿನ ಬುಡಕ್ಕೆ. ಸಂಜೆ ಹೊತ್ತಿಗೆ ಬಲಗಣ್ಣಿನ ಪಕ್ಕ, ಕಿವಿಯ ಮುಂದೆ ಸಿಡಿತ. ಕೆಲವು ದಿನ ರಟ್ಟೆಯ ಮುಂಭಾಗಕ್ಕೂ ಇಳಿಯೋದು. ತಲೆನೋವಿಗೆ ಕನ್ನಡಕ ಬದಲಾಯಿಸಿದೆ. ಎದೆ ಪಕ್ಕ ಚುಚ್ಚಿದಾಗ ಹೆದರಿ ಇಸಿಜಿ ಮಾಡಿಸಿದೆ. ಎಲ್ಲಾ ನಾರ್ಮಲ್.

ಅತ್ತೆ ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಹೆಂಚಿನ ಮೇಲೆ ಬಾಡಿಸಿ ಕಟ್ಟಿದರು. ಉಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಟ್ಟರು. ಇದೆಲ್ಲಾ ಸುಳ್ಳು ಅಂತ ನಾನು ಹೇಳಲ್ಲ. ಶಾಖ ಬಿದ್ದಾಗ ಹಾಯ್ ಅನ್ನಿಸೋದು ನಿಜ. ಮಾರನೇ ದಿನ ಮಿಷನ್ ಮುಂದೆ ಕೂತರೆ ಮತ್ತೆ ಅದೇ ಕಥೆ.

ಆಮೇಲೆ ಮಾತ್ರೆ, ಎಕ್ಸ್‌ರೇ, ಕೊನೆಗೆ ಎಂಆರ್‌ಐ. ರಿಪೋರ್ಟಿನಲ್ಲಿ ಡಿಸ್ಕ್ ಬಲ್ಜ್, ಅಂದರೆ ಕತ್ತಿನ ಮೂಳೆಗಳ ನಡುವಿನ ಮೆತ್ತೆ ಉಬ್ಬಿದೆ ಅಂತ ಬಂತು. ಒಬ್ಬರು ಡಾಕ್ಟರು ಕುತ್ತಿಗೆಗೆ ಕಾಲರ್ ಬರೆದುಕೊಟ್ಟರು. ಊರಿನವರ ಚೂಡಿದಾರಕ್ಕೆಲ್ಲಾ ಕಾಲರ್ ಹೊಲಿದವಳ ಕುತ್ತಿಗೆಗೇ ಕಾಲರ್ ಬಿತ್ತು ಅಂತ ನಮ್ಮನೆಯವರು ನಕ್ಕರು. ನನಗೆ ನಗು ಬರಲಿಲ್ಲ. ಭಾರ ಎತ್ತಬೇಡಿ, ಬಗ್ಗಬೇಡಿ, ಕತ್ತು ಜಾಸ್ತಿ ತಿರುಗಿಸಬೇಡಿ ಅಂದಿದ್ದರು. ಎಂಟು ತಿಂಗಳು ಹಾಗೇ ಇದ್ದೆ. ಬಿಂದಿಗೆ ಎತ್ತಲಿಲ್ಲ. ಬಸ್ಸಿನಲ್ಲಿ ಹಿಂದಿನ ಸೀಟಿನವರು ಕರೆದರೆ ಇಡೀ ಮೈ ತಿರುಗಿಸಿ ನೋಡುತ್ತಿದ್ದೆ. ನೋವು ಕಮ್ಮಿಯಾಗಲಿಲ್ಲ, ಧೈರ್ಯ ಕಮ್ಮಿಯಾಯಿತು.

ಮಧ್ಯದಲ್ಲಿ ಒಂದು ಫಿಸಿಯೋಥೆರಪಿ ಸೆಂಟರಿಗೂ ಹೋಗಿದ್ದೆ. ಹತ್ತು ದಿನ. ಬಿಸಿ ಪ್ಯಾಕ್ ಇಟ್ಟು, ತಣ್ಣನೆ ಜೆಲ್ ಹಚ್ಚಿ ಅಲ್ಟ್ರಾಸೌಂಡ್ ಆಡಿಸಿ, ಆಮೇಲೆ ನಾಲ್ಕು ಕಡೆ ಪ್ಯಾಡ್ ಅಂಟಿಸಿ ಕರೆಂಟ್ ಕೊಡುತ್ತಿದ್ದರು. ಜುಮುಜುಮು ಅನ್ನೋದು. ಮಿಷನ್ ಆನ್ ಮಾಡಿದ ಹುಡುಗ ಮೊಬೈಲ್ ನೋಡುತ್ತಾ ಕೂತಿರೋನು. ಮನೆಗೆ ಬಂದು ಅನ್ನ ಬಸಿಯೋವರೆಗೂ ಚೆನ್ನಾಗಿರೋದು, ಅಷ್ಟೇ. ಕೊನೇ ದಿನ ಅಲ್ಲಿನ ಹಿರಿಯರೊಬ್ಬರು ನನ್ನನ್ನು ಕನ್ನಡಿ ಮುಂದೆ ನಿಲ್ಲಿಸಿ, "ನೋಡಿ, ನಿಮ್ಮ ಬಲ ಹೆಗಲು ಇಳಿದಿದೆ. ಅದಕ್ಕೇ ಈ ನೋವು" ಅಂದರು.

ನಾನು ಸುಮ್ಮನೆ ತಲೆ ಆಡಿಸಿದೆ. ಆದರೆ ಮನಸ್ಸು ಒಪ್ಪಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಹೆಗಲು ಅಳೆದಿದ್ದೇನೋ ಲೆಕ್ಕವಿಲ್ಲ. ಎರಡೂ ಹೆಗಲು ಸಮ ಇರೋ ಹೆಂಗಸನ್ನು ನಾನು ಇನ್ನೂ ನೋಡಬೇಕು. ಒಬ್ಬರಿಗೆ ಕಾಲಿಂಚು, ಇನ್ನೊಬ್ಬರಿಗೆ ಮುಕ್ಕಾಲು ಇಂಚು, ಏನಾದರೂ ವ್ಯತ್ಯಾಸ ಇದ್ದೇ ಇರುತ್ತೆ. ಮುಕ್ಕಾಲು ಇಂಚು ಇಳಿದವರು ಗದ್ದೆ ನಾಟಿ ಮಾಡಿ ಬಂದು, ನಗುನಗುತ್ತಾ ಅಳತೆ ಕೊಟ್ಟು ಹೋಗಿದ್ದಾರೆ. ಹೆಗಲು ಇಳಿದಿದ್ದಕ್ಕೇ ನೋವು ಬರೋದಾಗಿದ್ದರೆ ನಮ್ಮ ಊರಲ್ಲಿ ಯಾರೂ ಎದ್ದು ಓಡಾಡುತ್ತಿರಲಿಲ್ಲ.

ಬ್ಲೌಸ್ ವಾಪಸ್ ಬಂದ ವಾರದಲ್ಲೇ ಹಿಂದಿನ ಬೀದಿಯ ಹುಡುಗಿಯ ನೆನಪಾಯಿತು. ಅವಳು ಚಿಕ್ಕವಳಿದ್ದಾಗಿಂದ ಫ್ರಾಕ್ ಹೊಲಿದುಕೊಟ್ಟಿದ್ದೇನೆ. ಬಿಪಿಟಿ, ಅಂದರೆ ಫಿಸಿಯೋಥೆರಪಿ ಡಿಗ್ರಿ ಮಾಡಿ, ಆಮೇಲೆ ಎರಡು ವರ್ಷ ಮಾಸ್ಟರ್ಸ್ ಮಾಡಿ, ಮೆಡಿಕಲ್ ಶಾಪೊಂದರ ಮೇಲಿನ ಮಹಡಿಯಲ್ಲಿ ಕ್ಲಿನಿಕ್ ತೆಗೆದಿದ್ದಳು. ಮೇಡಂ ಅನ್ನೋದಾ, ಪುಟ್ಟಿ ಅನ್ನೋದಾ ಅಂತ ಮೆಟ್ಟಿಲು ಹತ್ತುವಾಗಲೇ ಯೋಚನೆ. "ಆಂಟಿ, ಪುಟ್ಟಿ ಅಂದ್ರೆ ಸಾಕು" ಅಂತ ಅವಳೇ ಬಗೆಹರಿಸಿದಳು.

ಮೊದಲ ದಿನ ಅವಳು ನನ್ನ ಬೆನ್ನನ್ನೇ ಮುಟ್ಟಲಿಲ್ಲ. ಮುಕ್ಕಾಲು ಗಂಟೆ ಬರೀ ಪ್ರಶ್ನೆ. ಎಷ್ಟು ಹೊತ್ತು ಕೂರ್ತೀರಿ, ರಾತ್ರಿ ನಿದ್ದೆ ಹೇಗೆ, ನೋವಿಗೆ ಎಚ್ಚರ ಆಗುತ್ತಾ, ಜ್ವರ ಬರುತ್ತಾ, ತೂಕ ಇಳಿದಿದೆಯಾ. ಕೈ ಜೋಮು ಹಿಡಿಯುತ್ತಾ, ಸೂಜಿಗೆ ದಾರ ಪೋಣಿಸೋಕೆ ಮುಂಚಿಗಿಂತ ಕಷ್ಟ ಆಗಿದೆಯಾ, ನಡೆಯುವಾಗ ತೂರಾಡುತ್ತಾ, ಮೂತ್ರ ತಡೆಯೋಕೆ ತೊಂದರೆ ಇದೆಯಾ. ಸಣ್ಣ ಸುತ್ತಿಗೆಯಲ್ಲಿ ಮೊಣಕೈ, ಮೊಣಕಾಲು ತಟ್ಟಿದಳು. ಬೆರಳು ಹಿಡಿದು ಎಳೆದಾಡಿಸಿ ಬಲ ನೋಡಿದಳು. ಇದರಲ್ಲಿ ಯಾವುದಾದರೂ ಹೌದು ಅಂದಿದ್ದರೆ ಮೊದಲು ಡಾಕ್ಟರ ಹತ್ತಿರ ಕಳಿಸಿಬಿಡುತ್ತಿದ್ದಳಂತೆ. ಕೈ ಎಷ್ಟು ಏಳುತ್ತೆ, ಕತ್ತು ಎಷ್ಟು ತಿರುಗುತ್ತೆ ಅಂತ ಕೋನಮಾಪಕದಂಥದ್ದು ಹಿಡಿದು ಅಳೆದು ಬರೆದುಕೊಂಡಳು. ಇನ್ನೊಬ್ಬರು ನನ್ನ ಅಳತೆ ತಗೊಳ್ಳೋದು ನನಗೇ ಒಂಥರಾ ಆಯಿತು.

ಎರಡನೇ ದಿನ ಬೆನ್ನು ಮುಟ್ಟಿದಳು. ಕತ್ತಿಗೂ ಹೆಗಲಿಗೂ ನಡುವಿನ ದಪ್ಪ ಮಾಂಸವನ್ನು ಚಪಾತಿ ಹಿಟ್ಟು ಹಿಡಿದಂತೆ ಎರಡು ಬೆರಳಲ್ಲಿ ಹಿಡಿದು, ಮೆಲ್ಲಗೆ ಜರುಗಿಸುತ್ತಾ ಒಂದು ಕಡೆ ನಿಂತಳು. ಒತ್ತಿದಳು. ನನ್ನ ಕಣ್ಣಿನ ಪಕ್ಕ ಸಿಡಿಯಿತು. ಹೆಗಲಲ್ಲಲ್ಲ, ಕಣ್ಣಿನ ಪಕ್ಕ! ಮೂರು ವರ್ಷದ ಅದೇ ತಲೆನೋವು. ಆಮೇಲೆ ರೆಕ್ಕೆ ಮೂಳೆಯ ಹಿಂಬದಿ ಇನ್ನೊಂದು ಜಾಗ ಒತ್ತಿದಳು. ನೋವು ಭುಜದ ಮುಂಭಾಗಕ್ಕೆ ಹೋಗಿ ತೋಳಿಗೆ ಇಳಿಯಿತು. ಕನ್ನಡಕಕ್ಕೆ ಸುರಿದ ದುಡ್ಡು ನೆನಪಾಗಿ ಹೊಟ್ಟೆ ಉರಿಯಿತು.

ಒತ್ತಿದರೆ ಹೀಗೆ ನೋಯೋ ಸ್ನಾಯುವಿನ ಗಂಟುಗಳಿಗೆ ಟ್ರಿಗರ್ ಪಾಯಿಂಟ್ ಅನ್ನುತ್ತಾರೆ. ಈ ಥರದ ನೋವಿಗೆ ಮಯೋಫೇಶಿಯಲ್ ಪೇನ್ ಅಂತ ಹೆಸರು. ಯಾವ ಸ್ನಾಯುವಿನ ಗಂಟು ಒತ್ತಿದರೆ ನೋವು ಎಲ್ಲಿಗೆ ಹೋಗುತ್ತೆ ಅಂತ ಮೈಯ ನಕ್ಷೆಯನ್ನೇ ಬರೆದವರು ಜಾನೆಟ್ ಟ್ರಾವೆಲ್ ಅನ್ನೋ ಅಮೆರಿಕದ ಡಾಕ್ಟರು. ಡೇವಿಡ್ ಸೈಮನ್ಸ್ ಜೊತೆ ಸೇರಿ 1983ರಲ್ಲಿ ಅದನ್ನು ದೊಡ್ಡ ಪುಸ್ತಕವಾಗಿ ತಂದರು. ಅಧ್ಯಕ್ಷ ಕೆನಡಿಯ ಬೆನ್ನುನೋವಿಗೆ ಚಿಕಿತ್ಸೆ ಕೊಟ್ಟವರೂ ಅವರೇ. 1961ರಲ್ಲಿ ಅಧ್ಯಕ್ಷರ ಖಾಸಗಿ ವೈದ್ಯರಾದ ಮೊದಲ ಹೆಂಗಸು. ಕೆನಡಿಯ ಎಡಗಾಲು ಸ್ವಲ್ಪ ಗಿಡ್ಡ ಅಂತ ಕಂಡುಹಿಡಿದು ಶೂ ಹಿಮ್ಮಡಿಗೆ ಎತ್ತರ ಕೊಡಿಸಿದ್ದರಂತೆ. ಓದಿದಾಗ, ಇವರು ನಮ್ಮ ಕಸುಬಿಗೂ ಆಗಿಬರುತ್ತಿದ್ದರು ಅನ್ನಿಸಿತು.

ಆದರೆ ಪುಟ್ಟಿ ಅವರನ್ನು ದೇವರು ಮಾಡಲಿಲ್ಲ. ಆ ಗಂಟಿನೊಳಗೆ ನಿಜವಾಗಿ ಏನಾಗಿದೆ ಅನ್ನೋದರ ಬಗ್ಗೆ ಇವತ್ತಿಗೂ ಜಗಳ ಇದೆಯಂತೆ. ಇಬ್ಬರು ತಿಳಿದವರು ಒಂದೇ ಬೆನ್ನು ಮುಟ್ಟಿ ನೋಡಿದರೂ ಗಂಟು ಇಲ್ಲೇ ಅಂತ ಒಂದೇ ಜಾಗ ತೋರಿಸೋದು ಕಷ್ಟವಂತೆ. ಟೈಲರುಗಳ ಹಾಗೇ ಅಂದೆ ನಾನು. ಒಂದೇ ಮೈಗೆ ಇಬ್ಬರು ಅಳತೆ ತಗೊಂಡರೆ ಒಂದೇ ಅಳತೆ ಬರಲ್ಲ.

ಫೇಶಿಯಾ ಅಂದರೇನು ಅಂತ ಕೇಳಿದೆ. ಸ್ನಾಯುವಿನ ಸುತ್ತ, ಸ್ನಾಯು ಸ್ನಾಯುವಿನ ಮಧ್ಯೆ, ತಲೆಯಿಂದ ಕಾಲಿನವರೆಗೂ ಇರೋ ಪೊರೆ ಅಂದಳು. ಕೋಳಿ ಕ್ಲೀನ್ ಮಾಡುವಾಗ ಚರ್ಮದಡಿ ಕಾಣೋ ಬಿಳೀ ಪೊರೆ ಅಂತ ಹೇಳಹೊರಟು, ನಮ್ಮ ಮನೆಯಲ್ಲಿ ಕೋಳಿ ಮಾಡಲ್ಲ ಅಂತ ನೆನಪಾಗಿ ನಿಲ್ಲಿಸಿದಳು. ಅಷ್ಟೊತ್ತಿಗೆ ನನಗೆ ಅರ್ಥವಾಗಿತ್ತು. ಲೈನಿಂಗ್! ಮೇಲಿನ ಬಟ್ಟೆಯೂ ಲೈನಿಂಗೂ ಒಂದರ ಮೇಲೊಂದು ಸಲೀಸಾಗಿ ಜಾರಬೇಕು. ಎಲ್ಲೋ ಒಂದು ಟಾಕಾ ಬಿಗಿಯಾದರೆ ಸುಕ್ಕು ಕಾಣೋದು ಇನ್ನೆಲ್ಲೋ. ಕಂಕುಳಲ್ಲಿ ಹಿಡಿದದ್ದಕ್ಕೆ ಕೊರಳಲ್ಲಿ ಉಬ್ಬುತ್ತೆ. ಪುಟ್ಟಿ ನಕ್ಕು, ಹೋಲಿಕೆ ಮುಕ್ಕಾಲು ಸರಿ ಅಂದಳು. ಪೊರೆಗಳ ನಡುವೆ ಜಾರೋಕೆ ಹೈಅಲುರೋನಾನ್ ಅನ್ನೋ ಲೋಳೆಯಂಥದ್ದು ಇರುತ್ತೆ, ಅಲ್ಲಾಡಿಸದೆ ಇಟ್ಟ ಭಾಗ ಬಿಗಿ ಅನ್ನಿಸುತ್ತೆ. ಅಲ್ಲಿಯವರೆಗೆ ಸರಿ. ಆದರೆ ಟಾಕಾ ಬಿಚ್ಚಿದ ಹಾಗೆ ಫೇಶಿಯಾವನ್ನು ಕೈಯಲ್ಲಿ ಬಿಚ್ಚುತ್ತೀವಿ ಅನ್ನುವವರನ್ನು ನಂಬಬೇಡಿ ಅಂದಳು. ತೊಡೆಯ ಹೊರಬದಿಯಲ್ಲಿರೋ ಫೇಶಿಯಾ ಎಷ್ಟು ಗಟ್ಟಿ ಅಂದರೆ ಕೈಯಿಂದ ಒತ್ತಿ ಅದನ್ನು ಹಿಗ್ಗಿಸೋದು ಆಗದ ಮಾತು. ಒತ್ತಿಸಿಕೊಂಡಾಗ ಹಗುರ ಅನ್ನಿಸೋದು ಬಹುಮಟ್ಟಿಗೆ ನರಗಳು ಸಮಾಧಾನ ಆಗೋದರಿಂದ. ಆ ಹಗುರ ಕೆಲವು ಗಂಟೆಯದ್ದು. ಆ ಗಂಟೆಗಳನ್ನು ವ್ಯಾಯಾಮಕ್ಕೆ ಬಳಸಿಕೊಳ್ಳಬೇಕು.

ಎಂಆರ್‌ಐ ರಿಪೋರ್ಟ್ ತೋರಿಸಿದೆ. ಅವಳು ಓದಿ ಪಕ್ಕಕ್ಕಿಟ್ಟಳು. ಜಪಾನಿನಲ್ಲಿ ಕತ್ತುನೋವೇ ಇಲ್ಲದ 1,211 ಜನರಿಗೆ ಎಂಆರ್‌ಐ ಮಾಡಿ ನೋಡಿದರಂತೆ. ಶೇ. 87.6 ಜನಕ್ಕೆ ಡಿಸ್ಕ್ ಬಲ್ಜ್ ಇತ್ತು. ಇಪ್ಪತ್ತರ ಹರೆಯದವರಲ್ಲೂ ನೂರಕ್ಕೆ ಎಪ್ಪತ್ತಕ್ಕಿಂತ ಜಾಸ್ತಿ. "ಬಲ್ಜ್ ಅಂದ್ರೆ ತಲೆಕೂದಲು ಬೆಳ್ಳಗಾದ ಹಾಗೆ ಆಂಟಿ. ನಿಮ್ಮ ನೋವಿಗೆ ಅದೇ ಕಾರಣ ಅಂತ ಹೇಳಕ್ಕಾಗಲ್ಲ." ಆ ರಿಪೋರ್ಟನ್ನು ಎಂಟು ತಿಂಗಳು ಬೀರುವಿನಲ್ಲಿ ಒಡವೆ ಪಕ್ಕ ಇಟ್ಟಿದ್ದೆ ನಾನು.

ಡ್ರೈ ನೀಡ್ಲಿಂಗ್ ಮಾಡಲಾ ಅಂತ ಕೇಳಿದಳು. ಔಷಧಿ ಇಲ್ಲದ ಬರೀ ಸೂಜಿ, ಕೂದಲಿನಷ್ಟು ಸಣ್ಣದು. ಹಗಲೆಲ್ಲಾ ಸೂಜಿ ಹಿಡಿಯೋ ನನಗೆ ಸೂಜಿ ಕಂಡರೆ ಜೀವ ಹೋಗುತ್ತೆ ಅಂದರೆ ಯಾರೂ ನಂಬಲ್ಲ. ಕಣ್ಣು ಮುಚ್ಚಿಕೊಂಡೆ. ಚುಚ್ಚಿದ್ದು ಗೊತ್ತಾಗಲಿಲ್ಲ. ಆಮೇಲೆ ಗಾಳದ ದಾರ ಮೀನು ಜಗ್ಗಿದಂತೆ ಸ್ನಾಯು ತಾನಾಗೇ ಒಮ್ಮೆ ಪಟ್ ಅಂತ ಎಗರಿತು. ನಾನು ಎಗರಲಿಲ್ಲ, ಅದು ಎಗರಿತು! ಎರಡು ದಿನ ಪೆಟ್ಟು ಬಿದ್ದಂತೆ ನೋಯುತ್ತಿತ್ತು, ಆಮೇಲೆ ಒಂದು ವಾರ ಹಗುರ. ಮೂರು ಸಲ ಮಾಡಿಸಿಕೊಂಡು ಸಾಕು ಅಂದೆ. ಅವಳೂ ಒತ್ತಾಯ ಮಾಡಲಿಲ್ಲ.

ಒತ್ತಾಯ ಮಾಡಿದ್ದು ಒಂದಕ್ಕೇ. ವ್ಯಾಯಾಮ. ಅದೂ ನಾನು ಅಂದುಕೊಂಡಂತೆ ಕತ್ತು ಆ ಕಡೆ ಈ ಕಡೆ ವಾಲಿಸೋದಲ್ಲ, ಭಾರ ಎತ್ತೋದು. ಯಾವ ಹೆಗಲಿಗೆ ಭಾರ ಎತ್ತಬೇಡ ಅಂದಿದ್ದರೋ ಅದೇ ಹೆಗಲಿಗೆ! ರಬ್ಬರ್ ಪಟ್ಟಿಯ ಮೇಲೆ ಕಾಲಿಟ್ಟು, ಎರಡು ತುದಿ ಹಿಡಿದು, ಕೈಗಳನ್ನು ಪಕ್ಕಕ್ಕೆ ಭುಜದ ಮಟ್ಟಕ್ಕೆ ಎತ್ತಿ ನಿಧಾನ ಇಳಿಸಬೇಕು. ದಿನಕ್ಕೆ ಎರಡು ನಿಮಿಷ. ನಾನು ನಂಬಲಿಲ್ಲ. ಅವಳು ಡೆನ್ಮಾರ್ಕಿನ ಅಧ್ಯಯನವೊಂದರ ಬಗ್ಗೆ ಹೇಳಿದಳು, 2011ರದ್ದು. ಆಗಾಗ ಕತ್ತು, ಹೆಗಲು ನೋಯೋ 198 ಆಫೀಸಿನವರನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ 2 ನಿಮಿಷ, ಇನ್ನೊಂದಕ್ಕೆ 12 ನಿಮಿಷ ಇದೇ ವ್ಯಾಯಾಮ ಮಾಡಿಸಿದರು. ವಾರಕ್ಕೆ ಐದು ದಿನ, ಹತ್ತು ವಾರ. ಎರಡೂ ಗುಂಪಿಗೆ ನೋವು ಕಮ್ಮಿಯಾಯಿತು, ವ್ಯಾಯಾಮ ಮಾಡದ ಮೂರನೆಯವರಿಗೆ ಹಾಗಾಗಲಿಲ್ಲ.

ರಬ್ಬರ್ ಪಟ್ಟಿಗೆ ಯಾಕೆ ದುಡ್ಡು ಅಂತ ನಾನು ಲೆಗ್ಗಿನ್ಸ್ ಸೊಂಟಕ್ಕೆ ಹಾಕೋ ಅಗಲದ ಎಲಾಸ್ಟಿಕ್ಕನ್ನೇ ನಾಲ್ಕು ಪದರ ಹೊಲಿದುಕೊಂಡೆ. ನಾಲ್ಕನೇ ದಿನಕ್ಕೆ ಟಪ್ ಅಂತ ಕಿತ್ತು ಮೊಣಕಾಲಿಗೆ ಬಡಿಯಿತು. ಆಮೇಲೆ ಅರ್ಧ ಲೀಟರಿನ ಎರಡು ನೀರಿನ ಬಾಟಲಿ ಹಿಡಿದೆ. ಅರ್ಧ ಕೆಜಿ ತೂಕ, ಖರ್ಚು ಸೊನ್ನೆ. ಎರಡು ತಿಂಗಳಿಗೆ ಒಂದು ಲೀಟರಿಗೆ ಏರಿದೆ. ಜೊತೆಗೆ ಗೋಡೆಗೆ ಕೈಕೊಟ್ಟು ಬಗ್ಗಿ ಏಳೋದು, ಪಟ್ಟಿಯನ್ನು ಕಿಟಕಿ ಸರಳಿಗೆ ಕಟ್ಟಿ ಮೊಸರು ಕಡೆದಂತೆ ಹಿಂದಕ್ಕೆ ಎಳೆಯೋದು (ಕೊನೆಗೂ ಪಟ್ಟಿ ಕೊಂಡೆ). ಮಾಡುವಾಗ ನೋವು ಹತ್ತಕ್ಕೆ ನಾಲ್ಕರೊಳಗೆ ಇದ್ದು, ಮಾರನೇ ಬೆಳಗ್ಗೆ ಹಿಂದಿನ ಮಟ್ಟಕ್ಕೇ ಬಂದರೆ ಮುಂದುವರಿಸಿ. ಬರಲಿಲ್ಲ ಅಂದರೆ ಭಾರ ಇಳಿಸಿ, ಬಿಡಬೇಡಿ. ಇದು ಅವಳ ಲೆಕ್ಕ.

ಒಂದು ಸಂಜೆ ತನ್ನ ಬ್ಲೌಸಿನ ಫಿಟಿಂಗಿಗೆ ಅಂತ ಅಂಗಡಿಗೆ ಬಂದವಳು ಅರ್ಧ ಗಂಟೆ ಕೂತು ನಾನು ಹೊಲಿಯೋದನ್ನೇ ನೋಡಿದಳು. ಬಲ್ಬು ನನ್ನ ಎಡಗಡೆ ಹಿಂದೆ ಇತ್ತು. ಸೂಜಿಯ ಮೇಲೆ ನನ್ನದೇ ನೆರಳು ಬೀಳುತ್ತೆ ಅಂತ ಬಲಕ್ಕೆ ವಾಲಿ ವಾಲಿ ಕೂರುತ್ತಿದ್ದೆನಂತೆ. ನನಗೇ ಗೊತ್ತಿರಲಿಲ್ಲ. ಕುತ್ತಿಗೆ ಬಗ್ಗಿಸಬಹುದಾದ ಒಂದು ಲೈಟ್ ಹಾಕಿಸಿದೆ. ಆದರೆ ಅವಳ ಕಣ್ಣಿಗೆ ಬಿದ್ದ ನಿಜವಾದ ಕಳ್ಳ ಬಾಬಿನ್ ಡಬ್ಬಿ. ಮಧ್ಯೆ ಏಳಬಾರದು ಅಂತ ನಾನು ಬೆಳಗ್ಗೆಯೇ ಎಂಟು ಬಾಬಿನ್‌ಗೆ ದಾರ ಸುತ್ತಿಟ್ಟುಕೊಳ್ಳುತ್ತಿದ್ದೆ. ಅದು ನನ್ನ ಜಾಣತನ ಅಂದುಕೊಂಡಿದ್ದೆ. "ಒಂದೇ ಸುತ್ತಿ ಆಂಟಿ. ಖಾಲಿಯಾದಾಗ ಎದ್ದು, ಆ ಮೂಲೆ ಕಪಾಟಿನಿಂದ ರೀಲ್ ತಂದು ಇನ್ನೊಂದು ಸುತ್ತಿ. ಹೇಗೆ ಕೂತ್ರಿ ಅನ್ನೋದಕ್ಕಿಂತ ಎಷ್ಟು ಹೊತ್ತು ಒಂದೇ ಥರ ಕೂತ್ರಿ ಅನ್ನೋದು ಮುಖ್ಯ." ಮೊಬೈಲಿನಲ್ಲಿ ಅಲಾರಂ ಇಟ್ಟು ಎಷ್ಟೋ ಸಲ ಸೋತಿದ್ದೆ. ಬಾಬಿನ್ ಮಾತ್ರ ಕೆಲಸ ಮಾಡಿತು. ದಾರ ಖಾಲಿಯಾದ ಮೇಲೆ ಕೂತರೂ ಏನೂ ಹೊಲಿಯಕ್ಕಾಗಲ್ಲ ನೋಡಿ.

ನಾಲ್ಕನೇ ತಿಂಗಳಿಗೆ ತಲೆನೋವು ವಾರಕ್ಕೊಂದು ಸಲಕ್ಕೆ ಇಳಿದಿತ್ತು. ಅಷ್ಟರಲ್ಲಿ ಒಂದೇ ಮನೆಯ ಎರಡು ಮದುವೆ ಒಪ್ಪಿಕೊಂಡೆ. ಹನ್ನೆರಡು ದಿನ, ನಲವತ್ತು ಬ್ಲೌಸು. ವ್ಯಾಯಾಮವೂ ಇಲ್ಲ, ನಿದ್ದೆಯೂ ಇಲ್ಲ. ಹದಿಮೂರನೇ ದಿನ ಕತ್ತು ಹಿಡಿದುಕೊಂಡಿತು. ಎಲ್ಲಾ ಮೊದಲಿನ ಹಾಗೇ ಆಯಿತು ಅಂತ ಅವಳ ಮುಂದೆ ಕೂತು ಅತ್ತುಬಿಟ್ಟೆ, ನಾಚಿಕೆ ಬಿಟ್ಟು.

ಅವಳು ನಮ್ಮ ಬೀದಿಯ ಒಂದು ಮನೆಯ ನಾಯಿಯ ಕಥೆ ಹೇಳಿದಳು. ಒಂದು ಸಲ ಆ ಮನೆಗೆ ಕಳ್ಳ ಬಂದಿದ್ದ. ಅವತ್ತಿನಿಂದ ಅದು ಹಾಲಿನವನಿಗೂ ಬೊಗಳುತ್ತೆ, ಪೇಪರಿನವನಿಗೂ ಬೊಗಳುತ್ತೆ. ಮೂರು ತಿಂಗಳಿಗಿಂತ ಜಾಸ್ತಿ ಉಳಿದ ನೋವಿನಲ್ಲಿ ನರಗಳದ್ದೂ ಹೀಗೇ ಆಗಬಹುದು. ನೋವು ನಿಜ, ಬೊಗಳೋದು ನಿಜ, ಆದರೆ ಒಳಗೆ ಏನೋ ಹರಿದಿದೆ ಅಂತ ಅರ್ಥ ಅಲ್ಲ. "ನಾಯಿಗೆ ಹೊಡೆದ್ರೆ ಸುಮ್ನಾಗುತ್ತಾ? ಹಾಲಿನವನು ದಿನಾ ಬಂದು ಹೋಗ್ತಾ ಇದ್ರೆ ತಾನೇ ಕಮ್ಮಿ ಮಾಡುತ್ತೆ." ಒಂದು ಲೀಟರಿನಿಂದ ಮತ್ತೆ ಅರ್ಧ ಲೀಟರಿಗೆ ಇಳಿಸಿ ಶುರು ಮಾಡಿಸಿದಳು. ಮೂರು ವಾರಕ್ಕೆ ಹಳೇ ಮಟ್ಟಕ್ಕೆ ಬಂದೆ. ನಾಯಿ ಮಾತ್ರ ಇವತ್ತಿಗೂ ಹಾಲಿನವನಿಗೆ ಬೊಗಳುತ್ತೆ, ಅದು ಬೇರೆ ವಿಷಯ.

ಪೂರ್ತಿ ವಾಸಿಯಾಯಿತಾ ಅಂತ ಗಿರಾಕಿಗಳು ಕೇಳುತ್ತಾರೆ. ಇಲ್ಲ. ಮಳೆಗಾಲದ ಥಂಡಿಗೆ, ನಿದ್ದೆ ಕೆಟ್ಟಾಗ, ಮನೆಯಲ್ಲಿ ಜಗಳ ಆದಾಗ ರೆಕ್ಕೆ ಮೂಳೆ ಹತ್ತಿರ ಆ ಹೆಬ್ಬೆರಳು ಮತ್ತೆ ಬಂದು ಕೂರುತ್ತೆ. ಆಗ ಮಗನ ಟೆನಿಸ್ ಬಾಲನ್ನು ಬೆನ್ನಿಗೂ ಗೋಡೆಗೂ ಮಧ್ಯೆ ಇಟ್ಟು ಒಂದು ನಿಮಿಷ ಒರಗಿ ನಿಲ್ಲುತ್ತೇನೆ, ಬಾಟಲಿ ಎತ್ತುತ್ತೇನೆ, ಮಿಷನ್ನಿಗೆ ವಾಪಸ್. ಬಿಂದಿಗೆ ಎತ್ತುತ್ತೇನೆ. ಬಸ್ಸಿನಲ್ಲಿ ಯಾರಾದರೂ ಕರೆದರೆ ಬರೀ ಕತ್ತು ತಿರುಗಿಸುತ್ತೇನೆ. ಬಾಮ್ ಡಬ್ಬಿ ದೇವರ ಗೂಡಿನ ಪಕ್ಕ ಇದೆ. ಎರಡು ವರ್ಷವಾಯಿತು, ಖಾಲಿಯಾಗಿಲ್ಲ.

ಮಾಘದಲ್ಲಿ ಪುಟ್ಟಿಯ ಮದುವೆ. ಧಾರೆಯ ಬ್ಲೌಸು ನನ್ನದೇ. ಹೋದ ವಾರ ಅಳತೆ ಕೊಡೋಕೆ ಬಂದಿದ್ದಳು. ಬೆನ್ನಿಗೆ ಟೇಪ್ ಹಿಡಿದಾಗ ನೋಡಿದೆ, ಎಡ ಹೆಗಲು ಅರ್ಧ ಇಂಚು ಇಳಿದಿದೆ. ಅವಳಿಗೆ ಹೇಳಲಿಲ್ಲ. ಕಟಿಂಗ್‌ನಲ್ಲೇ ಸರಿ ಮಾಡಿದೆ.